ಒಂದು ಪ್ಯಾಕ್ ಯೀಸ್ಟ್, ಮೂರು ಬಿಯರ್: ಗಸಿ ಎತ್ತಿಟ್ಟು ಮತ್ತೆ ಬಳಸಿದ ಕೆಲಸದ ಟಿಪ್ಪಣಿ

ಒಂದೇ ಪ್ಯಾಕ್ ಯೀಸ್ಟ್‌ನಿಂದ ಸಾಲಾಗಿ ಮೂರು ಬಿಯರ್ ಮಾಡಿದ ಕೆಲಸದ ದಾಖಲೆ ಇದು. ಮೊದಲು 1.040 ಗ್ರಾವಿಟಿಯ ಬಿಟರ್, ಅದರ ತಳದ ಗಸಿಯಿಂದ 1.052ರ ಪೋರ್ಟರ್, ಪೋರ್ಟರ್‌ನ ಗಸಿಯಿಂದ 1.075ರ ಸ್ಟ್ರಾಂಗ್ ಏಲ್. ಗ್ರಾವಿಟಿ ಎಂದರೆ ದ್ರವದಲ್ಲಿ ಎಷ್ಟು ಸಕ್ಕರೆ ಇದೆ ಎಂಬ ಅಳತೆ, ನೀರಿನದು 1.000, ಹುದುಗಿದಂತೆ ಇಳಿಯುತ್ತದೆ. ಗಸಿ ಎಂದರೆ ತಳದಲ್ಲಿ ಕೂತ ಯೀಸ್ಟ್. ಒಂದೊಂದೂ 20 ಲೀಟರ್. ಯೀಸ್ಟ್ ವೈಯೀಸ್ಟ್ 1968, ಇಂಗ್ಲಿಷ್ ಏಲ್‌ಗಳ, ಅಂದರೆ ಬೆಚ್ಚಗೆ ಹುದುಗುವ ಬಿಯರ್‌ಗಳ, ತಳಿ. ಇದು ಬೇಗ ಗಂಟುಕಟ್ಟಿ ತಳಕ್ಕೆ ಕೂರುತ್ತದೆ, ಹಾಗಾಗಿ ಎತ್ತಿಡುವುದು ಸುಲಭ. ಅದೇ ಗುಣದಿಂದ ಕೆಲಸ ಮುಗಿಯುವ ಮೊದಲೇ ಕೂತುಬಿಡುವ ಅಪಾಯವೂ ಇದೆ. ಎರಡೂ ಈ ಸರಣಿಯಲ್ಲಿ ಕಂಡವು.

ಕೆಲಸ ನಡೆದದ್ದು ಅಮೆರಿಕದಲ್ಲಿ. ಅಲ್ಲಿ 1978ರ ಫೆಡರಲ್ ಕಾನೂನಿನಿಂದ ಮನೆಬಳಕೆಗೆ ಬಿಯರ್ ಮಾಡಿಕೊಳ್ಳಲು ಅವಕಾಶವಿದೆ: ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಒಬ್ಬರೇ ಇದ್ದರೆ 100. ಮಾರುವಂತಿಲ್ಲ. ಕರ್ನಾಟಕದಲ್ಲಿ ಓದುತ್ತಿರುವವರು ಗಮನಿಸಿ: 1965ರ ಅಬಕಾರಿ ಕಾಯ್ದೆಯಡಿ ಪರವಾನಗಿ ಇಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ಅಪರಾಧ. ಈ ಟಿಪ್ಪಣಿ ಕಾನೂನು ಬಿಟ್ಟಿರುವ ಊರುಗಳಲ್ಲಿ ಇರುವವರಿಗೆ.

ಯೀಸ್ಟ್ ಮರುಬಳಕೆ ಎಂದ ಕೂಡಲೇ ಎಲ್ಲರೂ ಕೇಳುವುದು ಅದನ್ನು ತೊಳೆಯುವುದು ಹೇಗೆ ಅಂತ. ಆದರೆ ಬಿಯರ್ ಕೆಡುವುದು ಬಹುಪಾಲು ಬೇರೆ ಮೂರು ಕಾರಣಗಳಿಂದ: ಹಾಕಿದ ಪ್ರಮಾಣ, ಗಸಿಯ ವಯಸ್ಸು, ಎತ್ತುವಾಗಿನ ಶುಚಿ. ಮೊಸರಿಗೆ ಹೆಪ್ಪು ಹಾಕಿ ರೂಢಿಯಾದ ಕೈಗೆ ಒಂದು ಚಮಚ ಸಾಕು ಅನ್ನಿಸುತ್ತದೆ. ಬಿಯರ್‌ಗೆ ಸಾಲದು. ಒಂದು ಚಮಚ ಗಸಿ ಹಾಕಿದರೆ ಯೀಸ್ಟ್ ಹತ್ತಾರು ಪಟ್ಟು ಬೆಳೆದ ಮೇಲಷ್ಟೇ ಕೆಲಸ ಹಿಡಿಯುತ್ತದೆ. ಅಷ್ಟರವರೆಗೆ 20 ಲೀಟರ್ ಸಿಹಿ ವರ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಅಂದರೆ ಮಾಲ್ಟ್‌ನ ಹುದುಗದ ರಸ) ಕಾವಲಿಲ್ಲದೆ ಕೂತಿರುತ್ತದೆ, ಬ್ಯಾಕ್ಟೀರಿಯಾಕ್ಕೆ ಬೇಕಾಗಿರುವುದೂ ಅದೇ. ಅದಕ್ಕಾಗಿ ಈ ಸರಣಿಯಲ್ಲಿ ತೊಳೆಯುವುದಕ್ಕಿಂತ ಅಳೆಯುವುದಕ್ಕೆ ಹೆಚ್ಚು ಹೊತ್ತು ಕೊಟ್ಟಿದೆ.

ಸಾಮಾನು, ಖರ್ಚು

ಯೀಸ್ಟ್ ಪ್ಯಾಕ್ ಒಂದು, 13 ಡಾಲರ್. 500 ಮಿ.ಲೀ. ಗಾತ್ರದ ಅಗಲ ಬಾಯಿಯ ಗಾಜಿನ ಜಾಡಿಗಳು, ಡಜನ್‌ಗೆ 15 ಡಾಲರ್ ಆಸುಪಾಸು, ನಾಲ್ಕು ಸಾಕು. ಸ್ಟಾರ್ ಸ್ಯಾನ್ ಸ್ಯಾನಿಟೈಸರ್ ಸಣ್ಣ ಬಾಟಲಿ, 13 ಡಾಲರ್, ವರ್ಷಗಟ್ಟಲೆ ಬರುತ್ತದೆ. ಒಣ ಮಾಲ್ಟ್ ಸಾರದ ಪುಡಿ ಅರ್ಧ ಕಿಲೋ. ಮನೆಯಲ್ಲೇ ಇದ್ದದ್ದು: 5 ಲೀಟರ್‌ನ ಪ್ರೆಶರ್ ಕುಕ್ಕರ್, 1 ಗ್ರಾಂ ನಿಖರತೆಯ ತಕ್ಕಡಿ, ಗ್ರಾವಿಟಿ ಅಳೆಯುವ ಹೈಡ್ರೋಮೀಟರ್, ಸೈಫನ್ ಕೊಳವೆ, ಮುಚ್ಚಳದ 25 ಲೀಟರ್ ಫುಡ್ ಗ್ರೇಡ್ ಬಕೆಟ್.

ಯೀಸ್ಟ್ ಕೋಶಗಳ ಎಣಿಕೆಗೆ 400 ಪಟ್ಟು ದೊಡ್ಡದಾಗಿ ತೋರಿಸುವ ಸೂಕ್ಷ್ಮದರ್ಶಕ, ಎಣಿಸಲು ಗೆರೆ ಕೊರೆದಿರುವ ಹೀಮೋಸೈಟೋಮೀಟರ್ ಗಾಜು, ಸತ್ತ ಕೋಶಗಳಿಗೆ ನೀಲಿ ಬಣ್ಣ ಹಿಡಿಸುವ ಮೆಥಿಲೀನ್ ಬ್ಲೂ. ಇವು ಇಲ್ಲದೆಯೂ ಕೆಲಸ ಆಗುತ್ತದೆ, ದಾರಿ ಹಂತ 5ರಲ್ಲಿದೆ. ಇದ್ದರೆ ಊಹೆ ಕಡಿಮೆ.

ಹಂತ 1: ಮೊದಲ ಬಿಯರ್ ಯಾವುದು ಎಂಬ ತೀರ್ಮಾನ

ಗಸಿ ಎತ್ತಬೇಕೆಂದಿದ್ದರೆ ಆ ಯೋಚನೆ ಮೊದಲ ಬಿಯರ್‌ಗಿಂತ ಮುಂಚೆಯೇ ಇರಬೇಕು. ಕಡಿಮೆ ಗ್ರಾವಿಟಿ, ತಿಳಿ ಬಣ್ಣ, ಕಡಿಮೆ ಹಾಪ್ಸ್ (ಬಿಯರ್‌ಗೆ ಕಹಿ, ಪರಿಮಳ ಕೊಡುವ ಹೂ) ಇರುವುದು ಮೊದಲು. ಕಡುಬಣ್ಣದ್ದು, ಗಟ್ಟಿಯದು ಕೊನೆಗೆ. 1.070 ದಾಟಿದ ಬಿಯರ್‌ನಿಂದ ಹೊರಬಂದ ಯೀಸ್ಟ್ ಮದ್ಯದಲ್ಲಿ ನೆನೆದು ಸುಸ್ತಾಗಿರುತ್ತದೆ. ಡ್ರೈ ಹಾಪ್ ಮಾಡಿದ, ಅಂದರೆ ಕುದಿಯ ನಂತರ ಬಕೆಟ್‌ಗೇ ಹಾಪ್ಸ್ ಹಾಕಿದ, ಐಪಿಎ ಬಿಯರ್‌ನ ತಳದಲ್ಲಿ ಅರ್ಧಕ್ಕರ್ಧ ಹಸಿರು ಸೊಪ್ಪಿನ ಚೂರು, ಹಾಪ್ಸ್‌ನ ಅಂಟು ಯೀಸ್ಟ್‌ಗೆ ಮೆತ್ತಿಕೊಂಡಿರುತ್ತದೆ, ಪದರ ಬೇರ್ಪಡುವುದೇ ಇಲ್ಲ. ಹುಳಿ ಬಿಯರ್ ಮಾಡಿದ ಬಕೆಟ್‌ನ ಗಸಿಯನ್ನಂತೂ ಮುಟ್ಟಲೇಬಾರದು.

ಬಿಟರ್‌ಗೆ ಮಾರಿಸ್ ಆಟರ್ ಮಾಲ್ಟ್ 3.4 ಕಿಲೋ, ಕ್ರಿಸ್ಟಲ್ ಮಾಲ್ಟ್ 300 ಗ್ರಾಂ. 67 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಮ್ಯಾಶ್, ಅಂದರೆ ಬೀಸಿದ ಮಾಲ್ಟ್ ಅನ್ನು ಬಿಸಿನೀರಿನಲ್ಲಿ ನೆನೆಸುವುದು. ಈಸ್ಟ್ ಕೆಂಟ್ ಗೋಲ್ಡಿಂಗ್ಸ್ 40 ಗ್ರಾಂ ಕುದಿಯ ಶುರುವಿಗೆ, ಫಗಲ್ 20 ಗ್ರಾಂ ಕೊನೆಯ 10 ನಿಮಿಷಕ್ಕೆ. ಹಾಪ್ಸ್ ಎರಡೂ ಬಟ್ಟೆಯ ಚೀಲದಲ್ಲಿ. ಗಸಿ ಎತ್ತುವ ಬ್ಯಾಚ್‌ಗಳಲ್ಲಿ ಈ ಚೀಲ ತಪ್ಪಿಸಬಾರದು. ತಳದಲ್ಲಿ ಕಸ ಕಡಿಮೆಯಾದಷ್ಟೂ ಮುಂದಿನ ಕೆಲಸ ಹಗುರ. ವರ್ಟ್ ತಣಿದ ಮೇಲೆ ಪಾತ್ರೆಯನ್ನು 20 ನಿಮಿಷ ಅಲುಗಾಡಿಸದೆ ಬಿಟ್ಟು, ತಳದ ಒಂದೂವರೆ ಲೀಟರ್ ಮಡ್ಡಿಯನ್ನು ಹಿಂದೆಯೇ ಉಳಿಸಿ ಬಕೆಟ್‌ಗೆ ಇಳಿಸಿದ್ದು.

ಯೀಸ್ಟ್ ಲೆಕ್ಕ: ಏಲ್‌ಗೆ ಒಂದು ಮಿ.ಲೀ. ವರ್ಟ್‌ಗೆ, ಒಂದು ಡಿಗ್ರಿ ಪ್ಲೇಟೋಗೆ (ವರ್ಟ್‌ನ ತೂಕದಲ್ಲಿ ಶೇಕಡಾ ಎಷ್ಟು ಸಕ್ಕರೆ ಎಂಬ ಅಳತೆ) 7.5 ಲಕ್ಷ ಕೋಶ. 1.040 ಅಂದರೆ 10 ಡಿಗ್ರಿ ಪ್ಲೇಟೋ. 20,000 × 10 × 7.5 ಲಕ್ಷ = 15,000 ಕೋಟಿ ಕೋಶ. ಹೊಸ ಪ್ಯಾಕ್‌ನಲ್ಲಿ ಇರುವುದು ಸುಮಾರು 10,000 ಕೋಟಿ. ಕೊರತೆ ತುಂಬಲು ಹಿಂದಿನ ದಿನ ಸ್ಟಾರ್ಟರ್: ಒಂದು ಲೀಟರ್ ನೀರಿಗೆ 100 ಗ್ರಾಂ ಮಾಲ್ಟ್ ಪುಡಿ, 10 ನಿಮಿಷ ಕುದಿ, ತಣಿಸಿ ಪ್ಯಾಕ್ ಸುರಿದು, ಆಗಾಗ ಕುಲುಕುತ್ತ 24 ಗಂಟೆ. ಲಾಗರ್ (ತಣ್ಣಗೆ ಹುದುಗುವ ಬಿಯರ್) ಮಾಡುವವರು ಈ ಕೋಶಸಂಖ್ಯೆಯನ್ನು ಇಮ್ಮಡಿ ಮಾಡಿಕೊಳ್ಳಬೇಕು.

ಸ್ಟಾರ್ಟರ್ ವರ್ಟ್ ಬಗ್ಗೆ ಒಂದು ಎಚ್ಚರಿಕೆ. ಅದನ್ನು ಆಗಲೇ ಮಾಡಿ ಆಗಲೇ ಬಳಸಿ. ಕುದಿಸಿದ ವರ್ಟ್ ಅನ್ನು ಜಾಡಿಗೆ ತುಂಬಿ ಕಪಾಟಿನಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಕೆಲವರಿಗಿದೆ. ವರ್ಟ್‌ನ ಪಿಎಚ್ 5ರ ಮೇಲಿರುತ್ತದೆ, ಗಾಳಿಯಿಲ್ಲದ ಜಾಡಿಯಲ್ಲಿ ಬೋಟುಲಿಸಂ ವಿಷ ಹುಟ್ಟುವುದಕ್ಕೆ ಅಷ್ಟು ಸಾಕು. ಬರೀ ಕುದಿಗೆ ಅದರ ಬೀಜಕಣ ಸಾಯುವುದಿಲ್ಲ.

18 ಡಿಗ್ರಿಯಲ್ಲಿ ಶುರು, ಮೂರನೇ ದಿನದಿಂದ ನಿಧಾನವಾಗಿ 21ಕ್ಕೆ ಏರಿಕೆ. ಈ ತಳಿ ಬೆಣ್ಣೆ ವಾಸನೆಯ ಡೈಅಸಿಟೈಲ್ ಅನ್ನು ಧಾರಾಳವಾಗಿ ಬಿಡುತ್ತದೆ. ಕೊನೆಗೆ ಬೆಚ್ಚಗಿಟ್ಟರೆ ತಾನೇ ವಾಪಸ್ ಹೀರಿಕೊಳ್ಳುತ್ತದೆ. 1.012ಕ್ಕೆ ಇಳಿದು ನಿಂತಿತು, ಮದ್ಯಾಂಶ ಶೇಕಡಾ 3.7.

ಹಂತ 2: ಜಾಡಿ ತಯಾರಿ

ಈ ಕೆಲಸಕ್ಕೆ ನಮ್ಮ ಕುಕ್ಕರ್‌ಗೆ ಸಮನಾದ ಉಪಕರಣ ಇಲ್ಲ. ನಮ್ಮ ಕುಕ್ಕರ್‌ನ ವೆಯ್ಟ್ ಎತ್ತುವ ಒತ್ತಡ ಚದರ ಸೆಂಟಿಮೀಟರ್‌ಗೆ ಸುಮಾರು ಒಂದು ಕಿಲೋ; ಒಳಗೆ 120 ಡಿಗ್ರಿ ಹತ್ತಿರ ಶಾಖ. ತಳಕ್ಕೆ ತೂತಿನ ತಟ್ಟೆ ಅಥವಾ ಮಡಚಿದ ಬಟ್ಟೆ, ಮೂರು ಬೆರಳು ನೀರು. ಜಾಡಿಗಳನ್ನು ಒಂದು ಚಮಚ ನೀರು ಹಾಕಿ, ಮುಚ್ಚಳ ಸಡಿಲವಾಗಿ ಕೂರಿಸಿ, ಮೇಲೆ ಅಲ್ಯೂಮಿನಿಯಂ ಹಾಳೆ ಸುತ್ತಿ ಇಟ್ಟದ್ದು. ಮೊದಲ ಸೀಟಿ ಬಂದ ಮೇಲೆ ಉರಿ ಸಣ್ಣ ಮಾಡಿ 15 ನಿಮಿಷ.

ಒಲೆ ಆರಿಸಿ ಒತ್ತಡ ತಾನಾಗಿ ಇಳಿಯಲು ಬಿಡಿ. ನಲ್ಲಿ ಕೆಳಗೆ ಹಿಡಿದು ಬೇಗ ಇಳಿಸಿದರೆ ಗಾಜು ಸೀಳುತ್ತದೆ. ಮುಚ್ಚಳ ಬಿಗಿಮಾಡಿ ಬೇಯಿಸಿದರೂ ಅದೇ ಗತಿ. 500 ಮಿ.ಲೀ. ಜಾಡಿ 5 ಲೀಟರ್ ಕುಕ್ಕರ್‌ನಲ್ಲಿ ಸಲೀಸಾಗಿ ನಿಲ್ಲುತ್ತದೆ, ಒಂದು ಲೀಟರ್‌ನದು ಎತ್ತರ ಹೆಚ್ಚಾಗಿ ಮುಚ್ಚಳಕ್ಕೆ ತಾಗಬಹುದು, ಮೊದಲೇ ಅಳೆದುಕೊಳ್ಳಿ. ಹಾಳೆ ಬಿಚ್ಚದೆ ಹಾಗೇ ತಣಿಸಿದರೆ ಜಾಡಿ ಬಳಸುವ ದಿನದವರೆಗೂ ಶುದ್ಧ.

ಸ್ಟಾರ್ ಸ್ಯಾನ್ 5 ಲೀಟರ್ ನೀರಿಗೆ 8 ಮಿ.ಲೀ. ಗಡಸು ನೀರಿನಲ್ಲಿ ಹಾಲಿನಂತೆ ಬೆಳ್ಳಗಾಗಿ ಬೇಗ ಸತ್ವ ಕಳೆದುಕೊಳ್ಳುತ್ತದೆ, ಡಿಸ್ಟಿಲ್ಡ್ ನೀರಾದರೆ ವಾರಗಟ್ಟಲೆ ಬಾಳುತ್ತದೆ. ಪಿಎಚ್ 3ಕ್ಕಿಂತ ಕೆಳಗಿದ್ದರೆ ಕೆಲಸ ಮಾಡುತ್ತಿದೆ ಎಂದರ್ಥ. ಎರಡು ನಿಮಿಷ ಒದ್ದೆಯಾಗಿರಲಿ, ನೊರೆಯನ್ನು ತೊಳೆಯುವುದು ಬೇಡ. ನಲ್ಲಿ ನೀರು ಬಿಟ್ಟು ತೊಳೆದರೆ ಮಾಡಿದ ಶುಚಿ ಹೋಯಿತು.

ಹಂತ 3: ಗಸಿ ಎತ್ತುವುದು

ಹೈಡ್ರೋಮೀಟರ್ ಎರಡು ದಿನದ ಅಂತರದಲ್ಲಿ ಅದೇ ಅಂಕಿ ತೋರಿಸಿದ ಮೇಲೆ ಬಕೆಟ್ ಅನ್ನು ಫ್ರಿಜ್‌ಗೆ ಸೇರಿಸಿ ಎರಡು ದಿನ 3 ಡಿಗ್ರಿಯಲ್ಲಿ ಇಟ್ಟದ್ದು. ಅಷ್ಟರಲ್ಲಿ ಯೀಸ್ಟ್ ಗಟ್ಟಿಯಾಗಿ ಕೂತಿತ್ತು.

ಬಿಯರ್ ಅನ್ನು ಸೈಫನ್ ಮಾಡುವಾಗ ಗಸಿಯ ಮೇಲೆ ಮುಕ್ಕಾಲು ಲೀಟರ್ ಬಿಯರ್ ಉಳಿಸಿ. ಇದರಲ್ಲಿ ಜಿಪುಣತನ ಬೇಡ. ಈ ಬಿಯರ್ರೇ ಗಸಿಯನ್ನು ಸುರಿಯುವಷ್ಟು ತೆಳು ಮಾಡುವುದು, ಮುಂದೆ ಜಾಡಿಯಲ್ಲಿ ಕಾಯುವುದೂ ಅದೇ. ಮುಚ್ಚಳ ಹಾಕಿ ಬಕೆಟ್ ಅನ್ನು ಗುಂಡಗೆ ತಿರುಗಿಸುತ್ತ ಗಸಿ ಕದಡಿ, 15 ನಿಮಿಷ ಬಿಡಿ. ಭಾರದ ಕಸ, ಹಾಪ್ಸ್ ಚೂರು, ಸತ್ತ ಕೋಶಗಳ ಮುದ್ದೆ ಮೊದಲು ಕೆಳಗಿಳಿಯುತ್ತವೆ. ಕೆನೆಬಣ್ಣದ ಯೀಸ್ಟ್ ಇನ್ನೂ ತೇಲುತ್ತಿರುತ್ತದೆ.

1968 ತಳಿಯಲ್ಲಿ ಒಂದು ತೊಡಕಿದೆ. ಇದರ ಗಂಟುಗಳು ಕಾಟೇಜ್ ಚೀಸ್‌ನಂತೆ ದಪ್ಪ, 15 ನಿಮಿಷದಲ್ಲಿ ಒಳ್ಳೆ ಯೀಸ್ಟ್ ಕೂಡ ಕಸದ ಜೊತೆಗೇ ಕೂತುಬಿಡುತ್ತದೆ. ಮೊದಲು ಸುರಿದ ಜಾಡಿಯಲ್ಲಿ ಬಂದದ್ದು ಬಹುಪಾಲು ಬರೀ ಬಿಯರ್. ಒಂದು ಗಂಟೆ ನಿಂತ ಮೇಲೆ ತಳದಲ್ಲಿ ಬೆರಳಗಲ ಯೀಸ್ಟ್ ಅಷ್ಟೇ. ಮತ್ತೆ ಕದಡಿ ಬರೀ 3 ನಿಮಿಷ ಬಿಟ್ಟು ಸುರಿದಾಗ ಜಾಡಿಗಳು ತುಂಬಿದವು. ಯುಎಸ್-05ರಂಥ, ತಡವಾಗಿ ಕೂರುವ ತಳಿಗಳಿಗೆ 15 ನಿಮಿಷ ಸರಿ.

ಸುರಿಯುವ ಅಂಚನ್ನು ಸ್ಯಾನಿಟೈಸರ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಬಕೆಟ್‌ನ ತುಟಿಯಲ್ಲಿ ಒಣಗಿದ ನೊರೆಯ ಪಟ್ಟಿ ಇರುತ್ತದೆ, ಎಲ್ಲ ಹೊಲಸು ಅಲ್ಲೇ. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ. ಮಾಲ್ಟ್ ಬೀಸಿದ ಜಾಗದಲ್ಲಿ ಈ ಕೆಲಸ ಮಾಡಬೇಡಿ. ಕಾಳಿನ ಹುಡಿಯ ತುಂಬ ಲ್ಯಾಕ್ಟೋಬ್ಯಾಸಿಲಸ್ ಇರುತ್ತದೆ, ಕಾಣದಷ್ಟು ಹುಡಿ ಬಿದ್ದರೂ ಜಾಡಿ ಹುಳಿಯಾದೀತು.

ಜಾಡಿ ಮುಕ್ಕಾಲು ಭಾಗ ತುಂಬಿಸಿ ಮುಚ್ಚಳವನ್ನು ತಿರುಗಿಸಿ, ಅರ್ಧ ಸುತ್ತು ಹಿಂದಕ್ಕೆ ಬಿಡಿ. ಬಿಗಿ ಮಾಡಬಾರದು. ಬಿಯರ್‌ನಲ್ಲಿ ಉಳಿದ ಒಂದಿಷ್ಟು ಸಕ್ಕರೆ, ಕರಗಿದ ಅನಿಲ ಎರಡೂ ಸೇರಿ ಒತ್ತಡ ಕಟ್ಟಿದರೆ ಗಾಜಿನ ಜಾಡಿ ಒಡೆಯುತ್ತದೆ. ಮೊದಲ ಮೂರು ದಿನ ಜಾಡಿಯ ಕೆಳಗೆ ತಟ್ಟೆ ಇರಲಿ, ನೊರೆ ಉಕ್ಕುವುದುಂಟು. ಆಮೇಲೆ ಬಿಗಿ ಮಾಡಿದರೂ ವಾರಕ್ಕೊಮ್ಮೆ ಸಡಿಲಿಸಿ ಗಾಳಿ ಬಿಡಿ.

ಚೀಟಿಯಲ್ಲಿ ತಳಿ, ಎಷ್ಟನೇ ಪೀಳಿಗೆ, ಎತ್ತಿದ ದಿನ, ಯಾವ ಬಿಯರ್‌ನಿಂದ, ಆ ಬಿಯರ್‌ನ ಶುರು ಮತ್ತು ಕೊನೆಯ ಗ್ರಾವಿಟಿ. ಎತ್ತಿದ ದಿನ ಇಲ್ಲದ ಜಾಡಿಗೆ ಬೆಲೆಯಿಲ್ಲ.

ಬಕೆಟ್‌ನಲ್ಲಿ ಮಾಡುವವರಿಗೆ ಇನ್ನೊಂದು ದಾರಿ ಇದೆ, ಇಂಗ್ಲೆಂಡಿನ ಹಳೆಯ ಬ್ರೂವರಿಗಳದ್ದು: ಮೇಲಿನ ನೊರೆಯಿಂದಲೇ ಎತ್ತುವುದು. ಮೊದಲು ಬರುವ ಕಂದು ಕಹಿ ನೊರೆಯನ್ನು ಶುದ್ಧ ಸೌಟಿನಿಂದ ತೆಗೆದೆಸೆದು, ಎರಡು ಮೂರನೇ ದಿನ ಬರುವ ಬೆಳ್ಳನೆಯ ದಪ್ಪ ಕೆನೆಯನ್ನು ಜಾಡಿಗೆ ಎತ್ತಿ. ಕಸವೇ ಇಲ್ಲದ, ಅತ್ಯಂತ ಚುರುಕಿನ ಯೀಸ್ಟ್ ಅದು. ಎಲ್ಲ ತಳಿಗಳೂ ಹೀಗೆ ಮೇಲೇಳುವುದಿಲ್ಲ, ಮತ್ತು ಬಿಯರ್ ಇನ್ನೂ ಹುದುಗುತ್ತಿರುವಾಗ ಮುಚ್ಚಳ ತೆಗೆಯಬೇಕು. ಅಡುಗೆಮನೆ ಶುಚಿಯಾಗಿದ್ದರೆ ಮಾತ್ರ ಕೈಹಾಕಿ.

ಹಂತ 4: ಒಂದು ಜಾಡಿ ತೊಳೆದು, ಇನ್ನೊಂದು ತೊಳೆಯದೆ

ಒಂದೇ ಗಸಿಯಿಂದ ಎರಡು ಜಾಡಿಗಳನ್ನು ಬೇರೆ ಮಾಡಿದ್ದು. ಒಂದು ತನ್ನದೇ ಬಿಯರ್ ಕೆಳಗೆ ಹಾಗೇ. ಇನ್ನೊಂದರಲ್ಲಿ ಬಿಯರ್ ಬಸಿದು, ಕುಕ್ಕರ್‌ನಲ್ಲಿ ಶುದ್ಧ ಮಾಡಿ ತಣಿಸಿದ ನೀರು ಹಾಕಿ, ಕದಡಿ, ಮೇಲಿನ ಕೆನೆನೀರನ್ನು ಮತ್ತೊಂದು ಜಾಡಿಗೆ ಸುರಿದು, ಹೀಗೆ ಎರಡು ಸುತ್ತು.

ತೊಳೆದ ಜಾಡಿ ನೋಡಲು ಚೆಂದ: ಕೆಳಗೆ ಬಿಳಿ ಪದರ, ಮೇಲೆ ತಿಳಿನೀರು. ಆದರೆ ಎರಡು ವಾರದ ನಂತರ ಬಣ್ಣ ಹಾಕಿ ನೋಡಿದಾಗ ಸತ್ತ ಕೋಶಗಳ ಪಾಲಿನಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಕೈಗೆ ಬಂದ ಯೀಸ್ಟ್ ಮಾತ್ರ ಕಡಿಮೆ, ಯಾಕೆಂದರೆ ಪ್ರತಿ ಸುರಿತದಲ್ಲೂ ಒಂದು ಪಾಲು ಹಿಂದೆ ಉಳಿಯುತ್ತದೆ. ಅದರಲ್ಲೂ ಉಳಿಯುವುದು ಬೇಗ ಕೂರುವ ಕೋಶಗಳು, ಮುಂದಕ್ಕೆ ಹೋಗುವುದು ತಡವಾಗಿ ಕೂರುವವು. ಇದನ್ನು ಪೀಳಿಗೆ ಪೀಳಿಗೆಗೂ ಮಾಡಿದರೆ ತಿಳಿಯಾಗುವ ಬಿಯರ್ ಕೊಡುತ್ತಿದ್ದ ತಳಿ ಮಬ್ಬು ಬಿಯರ್ ಕೊಡಲು ಶುರುಮಾಡುತ್ತದೆ.

ಇನ್ನೂ ಮುಖ್ಯವಾದದ್ದು ಪಿಎಚ್. ಬಿಯರ್‌ನದು 4.2 ಸುಮಾರು, ಜೊತೆಗೆ ಮದ್ಯ, ಹಾಪ್ಸ್‌ನ ಕಹಿ. ಹೊರಗಿನ ಬ್ಯಾಕ್ಟೀರಿಯಾಕ್ಕೆ ಇವು ಮೂರು ಬೇಲಿ. ನೀರು ಹಾಕಿ ಮೂರನ್ನೂ ಕಿತ್ತೆಸೆದ ಮೇಲೆ ಯೀಸ್ಟ್‌ಗೆ ಸಿಗುವ ರಕ್ಷಣೆ ಫ್ರಿಜ್‌ನ ಚಳಿ ಮಾತ್ರ. ತೊಳೆಯುವುದರಿಂದ ಬ್ಯಾಕ್ಟೀರಿಯಾ ಹೋಗುತ್ತದೆ ಎಂಬ ನಂಬಿಕೆ ತಪ್ಪು; ನೀರು ಕಸವನ್ನಷ್ಟೇ ಬೇರ್ಪಡಿಸುತ್ತದೆ. ಬ್ಯಾಕ್ಟೀರಿಯಾ ಕೊಲ್ಲಲು ಬ್ರೂವರಿಗಳು ಫಾಸ್ಫಾರಿಕ್ ಆಮ್ಲದಿಂದ ಪಿಎಚ್ 2.2ಕ್ಕೆ ಇಳಿಸಿ, 4 ಡಿಗ್ರಿಗಿಂತ ತಣ್ಣಗೆ, ಒಂದೆರಡು ಗಂಟೆ ಮೀರದಂತೆ ಹಿಡಿಯುತ್ತವೆ. ಅದಕ್ಕೂ ಕಾಡು ಯೀಸ್ಟ್ ಸಾಯುವುದಿಲ್ಲ. 13 ಡಾಲರ್ ಪ್ಯಾಕ್‌ಗಾಗಿ ಮನೆಯಲ್ಲಿ ಅಷ್ಟು ತಾಪತ್ರಯ ಯಾರಿಗೂ ಬೇಡ.

ಪೋರ್ಟರ್‌ಗೆ ಹೋದದ್ದು ತೊಳೆಯದ ಗಸಿ. ತೊಳೆಯುವುದಕ್ಕೆ ಅರ್ಥವಿರುವುದು ಒಂದೇ ಸಂದರ್ಭದಲ್ಲಿ: ಕಡುಬಣ್ಣದ ಬಿಯರ್‌ನ ಗಸಿಯನ್ನು ತಿಳಿಬಣ್ಣದ್ದಕ್ಕೆ ಹಾಕಲೇಬೇಕಾಗಿ ಬಂದಾಗ.

ಹಂತ 5: ಎಣಿಕೆ

ಸೂಕ್ಷ್ಮದರ್ಶಕ ಇಲ್ಲದವರಿಗೆ: ಜಾಡಿಯನ್ನು ಎರಡು ದಿನ ಫ್ರಿಜ್‌ನಲ್ಲಿ ನಿಲ್ಲಿಸಿ. ಗಟ್ಟಿಯಾಗಿ ಕೂತ ಪದರವನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ, ಮೇಲಿನ ಬಿಯರ್ ಬಿಡಿ. ಕಸ ಕಡಿಮೆ ಇರುವ ಗಸಿಯಲ್ಲಿ ಒಂದು ಮಿ.ಲೀ.ಗೆ 100 ಕೋಟಿ ಕೋಶ ಎಂದಿಟ್ಟುಕೊಂಡರೆ ದೊಡ್ಡ ತಪ್ಪಾಗದು. ಎರಡು ವಾರದೊಳಗಿನ ಜಾಡಿಯಾದರೆ 1.050 ಆಸುಪಾಸಿನ 20 ಲೀಟರ್‌ಗೆ 200ರಿಂದ 250 ಮಿ.ಲೀ. ಹಾಕಿ. ಜಾಡಿಯ ಹೊರಗೆ 100, 200, 300 ಮಿ.ಲೀ. ಗೆರೆಗಳನ್ನು ಮಾರ್ಕರ್‌ನಿಂದ ಮೊದಲೇ ಎಳೆದುಕೊಂಡರೆ ಸುರಿಯುವ ದಿನ ಬೇರೆ ಅಳತೆಪಾತ್ರೆ ಶುದ್ಧ ಮಾಡುವ ಕೆಲಸ ತಪ್ಪುತ್ತದೆ.

ಎಣಿಸುವವರಿಗೆ: ಜಾಡಿಯನ್ನು ಚೆನ್ನಾಗಿ ಕದಡಿ 1 ಮಿ.ಲೀ. ಗಸಿಯನ್ನು 99 ಮಿ.ಲೀ. ಡಿಸ್ಟಿಲ್ಡ್ ನೀರಿಗೆ ಹಾಕಿ. ನಲ್ಲಿ ನೀರು ಬೇಡ. ಯೀಸ್ಟ್ ಗಂಟುಕಟ್ಟುವುದೇ ಕ್ಯಾಲ್ಸಿಯಂನಿಂದ. ಈ ತಳಿಗೆ ಡಿಸ್ಟಿಲ್ಡ್ ನೀರೂ ಸಾಲಲಿಲ್ಲ, ಗಾಜಿನ ಮೇಲೆ ದ್ರಾಕ್ಷಿಗೊಂಚಲಿನಂತೆ ಕೋಶಗಳು, ಎಣಿಸಲು ಬರಲಿಲ್ಲ. ಕ್ಯಾಲ್ಸಿಯಂ ಹಿಡಿದಿಡುವ ಇಡಿಟಿಎ ಎಂಬ ರಾಸಾಯನಿಕವನ್ನು ಚಿಟಿಕೆ ಹಾಕಿ ಜೋರಾಗಿ ಕುಲುಕಿದ ಮೇಲೆ ಬಿಡಿಬಿಡಿಯಾದವು. ನಂತರ ಆ ದ್ರಾವಣಕ್ಕೆ ಅಷ್ಟೇ ಮೆಥಿಲೀನ್ ಬ್ಲೂ. ಒಟ್ಟು 200 ಪಟ್ಟು ತೆಳು.

ಹೀಮೋಸೈಟೋಮೀಟರ್‌ನ ನಡುವಿನ ಚೌಕದಲ್ಲಿ 25 ಮನೆಗಳು. ನಾಲ್ಕು ಮೂಲೆ, ಒಂದು ನಡು, ಹೀಗೆ ಐದು ಮನೆ ಎಣಿಸಿದರೆ ಸಾಕು. ಗೆರೆ ಮೇಲೆ ಬಿದ್ದ ಕೋಶಗಳಲ್ಲಿ ಮೇಲಿನ, ಎಡದ ಗೆರೆಯವನ್ನು ಸೇರಿಸಿ, ಕೆಳಗಿನ, ಬಲದವನ್ನು ಬಿಡಿ. ಮೊಗ್ಗು ತಾಯಿಯ ಅರ್ಧಕ್ಕಿಂತ ಚಿಕ್ಕದಾದರೆ ಪ್ರತ್ಯೇಕ ಎಣಿಸಬೇಡಿ.

ಬಿಟರ್‌ನ ಗಸಿ: ಐದು ಮನೆಯಲ್ಲಿ 110 ಕೋಶ, ಅದರಲ್ಲಿ ನೀಲಿ 14. 110 × 5 × 10,000 × 200 = ಮಿ.ಲೀ.ಗೆ 110 ಕೋಟಿ. ನೀಲಿ ಎಂದರೆ ಸತ್ತದ್ದು, ಬದುಕಿದ್ದವು ಶೇಕಡಾ 87, ಅಂದರೆ 96 ಕೋಟಿ. ಬಣ್ಣ ಹಾಕಿ ಐದು ನಿಮಿಷದೊಳಗೆ ಎಣಿಸಿ ಮುಗಿಸಿ. ಹೊತ್ತಾದಂತೆ ಬದುಕಿದ್ದವೂ ನೀಲಿಗಟ್ಟುತ್ತವೆ. ಬದುಕಿದ ಪಾಲು ಬಹಳ ಇಳಿದಿರುವಾಗ ಮೆಥಿಲೀನ್ ಬ್ಲೂ ಇರುವುದಕ್ಕಿಂತ ಒಳ್ಳೆಯ ಅಂಕಿಯನ್ನೇ ತೋರಿಸುತ್ತದೆ. ಹಾಗಾಗಿ ಶೇಕಡಾ 75 ಎಂದು ಬಂದರೆ ನಿಜಸ್ಥಿತಿ ಅದಕ್ಕಿಂತ ಕೆಟ್ಟದ್ದೆಂದೇ ತಿಳಿದು ಸ್ಟಾರ್ಟರ್ ಮಾಡಿ.

ಹಂತ 6: ಪೋರ್ಟರ್

ಮಾರಿಸ್ ಆಟರ್ 4 ಕಿಲೋ, ಬ್ರೌನ್ ಮಾಲ್ಟ್ 400 ಗ್ರಾಂ, ಕ್ರಿಸ್ಟಲ್ 300, ಚಾಕೊಲೇಟ್ ಮಾಲ್ಟ್ 250. ಗ್ರಾವಿಟಿ 1.052, ಸುಮಾರು 13 ಡಿಗ್ರಿ ಪ್ಲೇಟೋ. ಬೇಕಾದದ್ದು 19,500 ಕೋಟಿ ಕೋಶ. 19,500 ಭಾಗಿಸು 96, 203 ಮಿ.ಲೀ.

ಬೆಳಗ್ಗೆ ಕುದಿ ಹಾಕುವಾಗಲೇ ಜಾಡಿಯನ್ನು ಫ್ರಿಜ್‌ನಿಂದ ತೆಗೆದು ಮೇಲಿನ ಬಿಯರ್‌ನ ಒಂದು ಗುಟುಕು ರುಚಿ ನೋಡಬೇಕು. ಇದು ಎಣಿಕೆಗಿಂತ ದೊಡ್ಡ ಪರೀಕ್ಷೆ. ಸಪ್ಪೆ ಬಿಯರ್, ಬ್ರೆಡ್ ಹಿಟ್ಟಿನ ವಾಸನೆ ಇದ್ದರೆ ಸರಿ. ಹುಳಿ, ವಿನೆಗರ್, ಲವಂಗ ಅಥವಾ ಔಷಧಿ ವಾಸನೆ ಬಂದರೆ ಸೋಂಕು. ಕೊಳೆತ ಮಾಂಸ, ಸುಟ್ಟ ರಬ್ಬರ್ ವಾಸನೆ ಬಂದರೆ ಕೋಶಗಳು ಒಡೆದು ಕರಗುತ್ತಿವೆ. ಮೇಲೆ ಬಿಳಿ ಪೊರೆ, ಬೂಸ್ಟಿನ ಚುಕ್ಕೆ ಕಂಡರೆ ರುಚಿ ನೋಡುವುದೂ ಬೇಡ. ಅನುಮಾನ ಬಂದ ಜಾಡಿಯನ್ನು ಉಳಿಸಿಕೊಳ್ಳಲು ದಾರಿ ಹುಡುಕಬೇಡಿ. 20 ಲೀಟರ್ ವರ್ಟ್‌ನ ಮಾಲ್ಟ್, ಹಾಪ್ಸ್, ಒಂದು ದಿನದ ದುಡಿಮೆ, ಇವುಗಳ ಮುಂದೆ 13 ಡಾಲರ್ ಏನೂ ಅಲ್ಲ. ಮನೆಯಲ್ಲಿ ಸದಾ ಒಂದು ಪ್ಯಾಕೆಟ್ ಒಣ ಯೀಸ್ಟ್ ಇಟ್ಟುಕೊಂಡಿದ್ದರೆ ಈ ತೀರ್ಮಾನ ಸುಲಭವಾಗುತ್ತದೆ.

ಬಿಯರ್ ಬಸಿದು, ಗಸಿಗೆ ಅರ್ಧ ಲೀಟರ್ ತಣಿದ ವರ್ಟ್ ಸೇರಿಸಿ ಮೂರು ಗಂಟೆ ಕೋಣೆಯ ಶಾಖದಲ್ಲಿ ಇಟ್ಟಾಗ ನೊರೆ ಎದ್ದಿತು. ಆಗ ಬಕೆಟ್‌ಗೆ. ತಣ್ಣನೆಯ ಗಸಿಯನ್ನು ನೇರವಾಗಿ ಹಾಕಿದರೂ ಆಗುತ್ತದೆ, ಶುರುವಾಗುವುದು ತಡ. ವರ್ಟ್‌ಗೆ ಗಾಳಿ ಧಾರಾಳವಾಗಿ ಬೇಕು: ಎರಡು ಬಕೆಟ್ ನಡುವೆ ಎತ್ತರದಿಂದ ನಾಲ್ಕು ಸಲ ಸುರಿದಾಟ. ಒಣ ಯೀಸ್ಟ್ ಪ್ಯಾಕೆಟ್ ತನ್ನ ಕೊಬ್ಬಿನ ದಾಸ್ತಾನು ಹೊತ್ತೇ ಬರುತ್ತದೆ, ಅದಕ್ಕೆ ಗಾಳಿ ಅಷ್ಟು ಬೇಕಿಲ್ಲ. ಒಮ್ಮೆ ಹುದುಗಿಸಿ ಬಂದ ಯೀಸ್ಟ್‌ನ ದಾಸ್ತಾನು ಖಾಲಿ. ಗಾಳಿ ಸಾಲದಿದ್ದರೆ ಎರಡನೇ ಪೀಳಿಗೆ ಅರ್ಧದಲ್ಲಿ ಸೋಲುತ್ತದೆ.

ಐದು ಗಂಟೆಯೊಳಗೆ ಏರ್‌ಲಾಕ್ (ಒಳಗಿನ ಅನಿಲ ಹೊರಬಿಟ್ಟು ಹೊರಗಿನ ಗಾಳಿ ಒಳಬಿಡದ ಸಣ್ಣ ಕೊಳವೆ) ಗುಳುಗುಳು. ಎರಡನೇ ಪೀಳಿಗೆ ಮೊದಲನೆಯದಕ್ಕಿಂತ ಚುರುಕಾಗಿರುವುದು ಸಾಮಾನ್ಯ, ಮರುಬಳಕೆಯ ನಿಜವಾದ ಲಾಭ ಇದೇ.

ಹಂತ 7: 1.022ರಲ್ಲಿ ನಿಂತದ್ದು

ಐದನೇ ದಿನ 1.022. ಎರಡು ದಿನ ಬಿಟ್ಟು ನೋಡಿದರೂ 1.022. ಬಿಯರ್ ಮೇಲೆ ತಿಳಿ, ತಳದಲ್ಲಿ ದಪ್ಪ ಗಸಿ. ಗಸಿ ಕೆಟ್ಟಿತ್ತು ಎಂದು ತೀರ್ಮಾನಿಸಿ ಹೊಸ ಪ್ಯಾಕ್ ಸುರಿಯುವ ಮೊದಲು ಥರ್ಮಾಮೀಟರ್ ನೋಡಬೇಕು. ರಾತ್ರಿ ಕೋಣೆ 16ಕ್ಕೆ ಇಳಿದಿತ್ತು. ಮೊದಲೆರಡು ದಿನ ಹುದುಗುವಿಕೆಯ ಶಾಖವೇ ಬಕೆಟ್ ಅನ್ನು ಬೆಚ್ಚಗಿಟ್ಟಿರುತ್ತದೆ. ಅದು ತಗ್ಗಿದ ಕೂಡಲೇ ಶಾಖ ಬಿದ್ದು, ಮೊದಲೇ ಬೇಗ ಕೂರುವ ಈ ತಳಿ ಪೂರ್ತಿ ಕೂತುಬಿಟ್ಟಿತು.

ಪರಿಹಾರ: ಬಕೆಟ್‌ಗೆ ಹೀಟಿಂಗ್ ಬೆಲ್ಟ್ ಸುತ್ತಿ 21 ಡಿಗ್ರಿ. ಮುಚ್ಚಳ ತೆಗೆಯದೆ ಬಕೆಟ್ ಅನ್ನು ಓರೆ ಮಾಡಿ ನಿಧಾನವಾಗಿ ತಿರುಗಿಸುತ್ತ ಗಸಿ ಎಬ್ಬಿಸುವುದು, ಬೆಳಗ್ಗೆ ಸಂಜೆ. ಚಮಚದಿಂದ ಕಲಕಿದರೆ ಗಾಳಿ ಸೇರಿ ಬಿಯರ್ ಹಳಸುತ್ತದೆ. ಒಂದು ವಾರದಲ್ಲಿ 1.016ಕ್ಕೆ ಇಳಿಯಿತು. ಸಕ್ಕರೆ ತಿಂದು ಗ್ರಾವಿಟಿ ಇಳಿಸುವುದರಲ್ಲಿ ಈ ತಳಿಯ ಮಿತಿಯೇ ಶೇಕಡಾ 67ರಿಂದ 71, ಹಾಗಾಗಿ ಅದು ಸರಿಯಾದ ಅಂಕಿ.

ಅಷ್ಟಕ್ಕೂ ಬರೀ ತಳದ ಗಟ್ಟಿ ಪದರವನ್ನೇ ಪೀಳಿಗೆಯಿಂದ ಪೀಳಿಗೆಗೆ ಒಯ್ದರೆ, ಬೇಗ ಕೂರುವ ಕೋಶಗಳನ್ನೇ ಆರಿಸಿ ಸಾಕಿದಂತಾಗುತ್ತದೆ. ತೊಳೆಯುವುದರಿಂದ ಆಗುವ ವಾಲುವಿಕೆಗೆ ಇದು ತದ್ವಿರುದ್ಧ. ಎತ್ತುವ ದಿನ ಗಸಿಯನ್ನು ಪೂರ್ತಿ ಕದಡಿ, ತೀರಾ ಭಾರದ ಕಸವನ್ನು ಮಾತ್ರ ಬಿಟ್ಟು, ಉಳಿದದ್ದನ್ನೆಲ್ಲ ತೆಗೆದುಕೊಳ್ಳುವುದೇ ಕ್ಷೇಮ.

ಹಂತ 8: ಸ್ಟ್ರಾಂಗ್ ಏಲ್, ಸರಣಿಯ ಕೊನೆ

1.075, ಸುಮಾರು 18 ಡಿಗ್ರಿ ಪ್ಲೇಟೋ. ಬೇಕಾದದ್ದು 27,000 ಕೋಟಿ. ಪೋರ್ಟರ್ ತಳದಲ್ಲಿ ಕಸ ಸೇರಿ ಒಂದು ಲೀಟರ್ ಹತ್ತಿರ ಗಸಿ ಇತ್ತು. ಬಕೆಟ್ ತೊಳೆಯದೆ ಹೊಸ ವರ್ಟ್ ಅನ್ನು ಅದರ ಮೇಲೇ ಸುರಿಯುವ ಸುಲಭದ ದಾರಿ ಬಹಳ ಜನ ಹಿಡಿಯುತ್ತಾರೆ. ಸಾಮಾನ್ಯ ಬಿಯರ್‌ಗೆ ಅದು ಬೇಡ. ಬೇಕಾದದ್ದರ ನಾಲ್ಕೈದು ಪಟ್ಟು ಯೀಸ್ಟ್ ಬಿದ್ದು, ಹೊಸ ಕೋಶಗಳೇ ಹುಟ್ಟದೆ, ಹಣ್ಣಿನ ಪರಿಮಳ ಇಲ್ಲದ ಬೋಳು ಬಿಯರ್ ಆಗುತ್ತದೆ. ಒಣಗಿದ ನೊರೆಯ ಪಟ್ಟಿಯೂ ಹಾಗೇ ಉಳಿಯುತ್ತದೆ. ಗಟ್ಟಿ ಬಿಯರ್‌ಗೆ ಆದರೂ ಅಳತೆಯೇ ಒಳ್ಳೆಯದು ಎಂದು 340 ಮಿ.ಲೀ. ಮಾತ್ರ ಎತ್ತಿ, ತೊಳೆದ ಬಕೆಟ್‌ಗೆ ಹಾಕಿದ್ದು. ಪೋರ್ಟರ್‌ನ ಬಣ್ಣ ಸ್ವಲ್ಪ ಬಂತು, ಈ ಕಡುಗಂದು ಏಲ್‌ನಲ್ಲಿ ಅದು ತಿಳಿಯಲಿಲ್ಲ.

ಏರ್‌ಲಾಕ್ ಬದಲು ದಪ್ಪ ಕೊಳವೆಯನ್ನು ಸ್ಯಾನಿಟೈಸರ್ ತುಂಬಿದ ಬಾಟಲಿಗೆ ಇಳಿಬಿಡಿ. ಇಷ್ಟು ಯೀಸ್ಟ್, ಇಷ್ಟು ಸಕ್ಕರೆ ಸೇರಿದರೆ ನೊರೆ ಏರ್‌ಲಾಕ್ ಅನ್ನು ಕಟ್ಟಿಸಿ ಮುಚ್ಚಳ ಹಾರಿಸುತ್ತದೆ. ಹಾಕಿದ 12 ಗಂಟೆಯ ನಂತರ ಇನ್ನೊಂದು ಸಲ ಗಾಳಿ. ಇಷ್ಟು ಗಟ್ಟಿ ವರ್ಟ್‌ಗೆ ಮಾತ್ರ ಈ ಎರಡನೇ ಸುತ್ತು. ಒಳಗಿನ ಶಾಖ ಕೋಣೆಗಿಂತ ನಾಲ್ಕೈದು ಡಿಗ್ರಿ ಏರುತ್ತದೆ, ಆದ್ದರಿಂದ ಮೊದಲ ಎರಡು ದಿನ ಬಕೆಟ್ ನೀರಿನ ತೊಟ್ಟಿಯಲ್ಲಿ. 1.022ಕ್ಕೆ ನಿಂತಿತು, ಮದ್ಯಾಂಶ ಶೇಕಡಾ 7 ಸುಮಾರು.

ಫ್ರಿಜ್‌ನ ಹಿಂದಿನ ಮೂಲೆಯಲ್ಲಿ ಬಿಟರ್‌ನ ಒಂದು ಜಾಡಿ ಎರಡು ತಿಂಗಳು ದಾಟಿತ್ತು. ಕೆನೆಬಣ್ಣ ಹೋಗಿ ಕಡಲೆಕಾಯಿ ಬೆಣ್ಣೆಯ ಬಣ್ಣ, ಬಣ್ಣ ಹಾಕಿದರೆ ಅರ್ಧಕ್ಕೂ ಹೆಚ್ಚು ನೀಲಿ. ಇಂಥದ್ದನ್ನು ಎಬ್ಬಿಸಬಹುದು: ಎರಡು ಚಮಚ ಗಸಿ, ಅರ್ಧ ಲೀಟರ್ ನೀರಿಗೆ 50 ಗ್ರಾಂ ಮಾಲ್ಟ್ ಪುಡಿಯ ಸ್ಟಾರ್ಟರ್, ಎರಡು ದಿನ, ಆಮೇಲೆ ಅದನ್ನೇ ಎರಡು ಲೀಟರ್‌ಗೆ ಏರಿಸುವುದು. ಆದರೆ ಕಳೆದ ದಿನಗಳಲ್ಲಿ ಒಂದೆರಡು ಬ್ಯಾಕ್ಟೀರಿಯಾ ಬದುಕಿದ್ದರೂ ಅವೂ ಜೊತೆಗೇ ಬೆಳೆಯುತ್ತವೆ. ಈ ಜಾಡಿಯ ಸ್ಟಾರ್ಟರ್‌ನಲ್ಲಿ ತೆಳು ಹುಳಿ ವಾಸನೆ ಬಂತು, ಮುಂದಕ್ಕೆ ಒಯ್ಯಲಿಲ್ಲ. ಎರಡು ವಾರ ಉತ್ತಮ, ನಾಲ್ಕು ವಾರ ಸ್ಟಾರ್ಟರ್ ಜೊತೆ ಸರಿ, ಆಮೇಲೆ ಹೊಸ ಪ್ಯಾಕ್. ಪೀಳಿಗೆಗಳು ನಾಲ್ಕೈದಕ್ಕೆ ಸಾಕು, ಪ್ರಯೋಗಾಲಯ ಇರುವ ಬ್ರೂವರಿಗಳ ಮಾತು ಬೇರೆ. ಗ್ರಾವಿಟಿ ತಳಿಯ ಮಿತಿಗಿಂತ ಬಹಳ ಕೆಳಗಿಳಿಯತೊಡಗಿದರೆ, ಬಾಟಲಿ ತೆರೆದಾಗ ಬಿಯರ್ ಉಕ್ಕಿದರೆ, ಕಾಡು ಯೀಸ್ಟ್ ಸೇರಿದೆ ಎಂದು ಆ ಸಾಲನ್ನೇ ನಿಲ್ಲಿಸಿ.

ದುಡ್ಡಿನ ಲೆಕ್ಕ: ಮೂರು ಬಿಯರ್‌ಗೆ ಮೂರು ಪ್ಯಾಕ್ ಎಂದರೆ 39 ಡಾಲರ್, ಆದದ್ದು 13 ಮತ್ತು ಎರಡು ಡಾಲರ್ ಮಾಲ್ಟ್ ಪುಡಿ. ಜಾಡಿಗಳ ಬೆಲೆ ಈ ಉಳಿತಾಯದಲ್ಲೇ ಹುಟ್ಟಿತು. ಸೂಕ್ಷ್ಮದರ್ಶಕದ ಬೆಲೆ ಹುಟ್ಟಬೇಕಾದರೆ ಇನ್ನೂ ಹಲವು ಸರಣಿ ಬೇಕು. ಐದಾರು ಡಾಲರ್‌ನ ಒಣ ಯೀಸ್ಟ್ ಬಳಸುವವರಿಗಂತೂ ಅದು ದುಬಾರಿ.

ಸ್ಟ್ರಾಂಗ್ ಏಲ್‌ನ ಗಸಿಯನ್ನು ಎತ್ತಿಡಲಿಲ್ಲ. ಅದರಲ್ಲಿ ಎರಡು ಚಮಚವನ್ನು ಮುಂದಿನ ಬಿಯರ್‌ನ ಕುದಿಯಲ್ಲಿ ಹಾಕಿದರೆ ಸತ್ತ ಯೀಸ್ಟ್ ಹೊಸ ಯೀಸ್ಟ್‌ಗೆ ಆಹಾರ. ಉಳಿದದ್ದು ಕುದಿಸಿ ಆರಿಸಿ ಗೊಬ್ಬರದ ಗುಂಡಿಗೆ, ಮೇಲೆ ಒಂದು ಗೇಣು ಮಣ್ಣು ಮುಚ್ಚಿ. ನಾಯಿ ಇರುವ ಮನೆಯಾದರೆ ಗುಂಡಿಗೂ ಬೇಡ: ಗಸಿಯಲ್ಲಿರುವ ಹಾಪ್ಸ್ ನಾಯಿಗೆ ವಿಷ, ತಿಂದರೆ ಮೈಶಾಖ ವಿಪರೀತ ಏರಿ ಜೀವಕ್ಕೇ ಅಪಾಯ.